ಮೇಸ್ತ್ರಿ ಹೇಳಿದ್ದೇ ರೇಟು

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಅಡ್ಡರಸ್ತೆಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್, ಹೊಳೆ ದಂಡೆಯ ಮೋನೋಬ್ಲಾಕ್, ಹಿಟ್ಟಿನ ಗಿರಣಿ ಮೋಟರ್, ಮಂಡಕ್ಕಿ ಭಟ್ಟಿಯವರ ಮೋಟರ್, ಏನು ಸುಟ್ಟು ಬಂದರೂ ಬಿಚ್ಚಿ, ಹೊಸ ತಂತಿ ಸುತ್ತಿ, ಟೆಸ್ಟ್ ಮಾಡಿ ಕಳಿಸುತ್ತೇವೆ. ಐದು ಜನ ಕೆಲಸಕ್ಕಿದ್ದಾರೆ. ಒಬ್ಬ ದೊಡ್ಡ ಮೇಸ್ತ್ರಿ, ಇನ್ನೊಬ್ಬ ವೈಂಡರ್, ಐಟಿಐ ಮುಗಿಸಿದ ಇಬ್ಬರು ಹುಡುಗರು, ಕೌಂಟರ್‌ನಲ್ಲಿ ಬಿ.ಕಾಂ. ಓದಿದ ಒಬ್ಬರು ಹೆಣ್ಣುಮಗಳು. ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಪಕ್ಕದ ಬೀದಿಯವರು ಜಾಸ್ತಿ ಸಂಬಳ ಹೇಳಿ ಕರೆದುಕೊಂಡು ಹೋಗುತ್ತಾರೆ ಅನ್ನೋ ಭಯ ನನಗಿಲ್ಲ ಅಂತ ಹೇಳಲಾರೆ.

ಈ ಕೆಲಸ ನಾನು ಕಲಿತದ್ದು ಮಿಲ್ಲಿನ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತಲ್ಲ, ಆ ಕಾಲದವರು. ಹತ್ತಿ ಮಿಲ್ಲುಗಳು ಬಾಗಿಲು ಹಾಕಿದ ಮೇಲೆ ಅವರಂಥವರು ಅಲ್ಲಲ್ಲಿ ಸಣ್ಣ ಅಂಗಡಿ ಹಾಕಿಕೊಂಡರು. ನಮ್ಮ ಗುರುಗಳ ಅಂಗಡಿಯಲ್ಲಿ ಎಲ್ಲವನ್ನೂ ಅವರೇ ನೋಡುತ್ತಿದ್ದರು. ಮೋಟರ್ ನೋಡುವವರು ಅವರು, ದುಡ್ಡು ಎಣಿಸುವವರು ಅವರು, ಬೈಯುವವರೂ ಅವರೇ. ನನ್ನ ಅಂಗಡಿಯೂ ಬಹಳ ವರ್ಷ ಹಾಗೇ ನಡೆಯಿತು. ಚೆನ್ನಾಗಿಯೇ ನಡೆಯಿತು.

ಜನವರಿ ದಾಟಿದ ಮೇಲೆ ಮಳೆ ಬೀಳುವ ತನಕ ನಮ್ಮ ಸೀಸನ್. ಜಗಳೂರು ಕಡೆ ಬೋರ್‌ನಲ್ಲಿ ನೀರು ಕೆಳಗೆ ಹೋಗುತ್ತದೆ, ಪಂಪು ಒಣಗಿ ಓಡಿ ಸುಡುತ್ತದೆ. ಚನ್ನಗಿರಿ ಕಡೆ ಅಡಿಕೆ ತೋಟ, ನೀರು ತಪ್ಪಿದರೆ ಗಿಡದ ಚಿಂತೆ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಕೊಡುವುದು ದಿನಕ್ಕೆ 7 ಗಂಟೆ, ಅದರಲ್ಲೂ ಒಂದಿಷ್ಟು ರಾತ್ರಿ. ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಶುರುವಾಗಲಿ ಅಂತ ರೈತರು ಸ್ಟಾರ್ಟರ್‌ಗೆ ಆಟೋ ಹಾಕಿ ಮಲಗುತ್ತಾರೆ. ಒಂದು ಫೇಸ್ ಹೋಗಿರುತ್ತದೆ, ಮೋಟರ್ ಗುಂಯ್ ಅಂತ ನಿಂತಲ್ಲೇ ಬಿಸಿಯಾಗುತ್ತದೆ, ಬೆಳಗ್ಗೆ ನೋಡಿದರೆ ಕರಕಲು. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ. ಸುಟ್ಟ ಮೋಟರ್ ರಿಪೇರಿ ಪುಕ್ಕಟೆ ಅಲ್ಲ. ಆ ಸಿಟ್ಟು ತೋರಿಸಲು ಅವರಿಗೆ ಸಿಗುವವರು ನಾವು.

ಹಾಗಾಗಿ ಬಂದವರಿಗೆ ಬೇಕಾದದ್ದು ಎರಡೇ ಮಾತು. ಎಷ್ಟಾಗುತ್ತೆ, ಯಾವಾಗ ಕೊಡ್ತೀರಿ. ಈ ಎರಡೂ ನನ್ನ ಬಾಯಿಂದಲೇ ಬರಬೇಕಿತ್ತು. ನಾನು ಒಂದು ಮದುವೆಗೆ ಹೋದರೆ ಅಂಗಡಿ ಮುಂದೆ ಮೋಟರ್‌ಗಳು ಸಾಲಾಗಿ ಬಿದ್ದಿರುತ್ತಿದ್ದವು. ಕೆಲಸ ಬಲ್ಲ ಇಬ್ಬರು ವೈಂಡರ್‌ಗಳು ಸುಮ್ನೆ ಕೂತಿರುತ್ತಿದ್ದರು, ಯಾಕಂದರೆ ಬಿಚ್ಚಲಾ ಬೇಡವಾ ಅಂತ ಯಾರೂ ಹೇಳಿಲ್ಲ.

ಇದು ಬದಲಾಗಬೇಕಾಗಿ ಬಂದದ್ದು ಪಂಪ್ ಎತ್ತುವ ಗಾಡಿಯಿಂದ. ಸ್ನೇಹಿತರೊಬ್ಬರ ಜೊತೆ ಪಾಲಿನಲ್ಲಿ ಗಾಡಿ ತೆಗೆದುಕೊಂಡೆ. ಬೋರಿನೊಳಗಿಂದ ಪೈಪು, ಕೇಬಲ್, ಪಂಪು ಎಲ್ಲ ಮೇಲೆತ್ತುವುದು, ರಿಪೇರಿ ಆದ ಮೇಲೆ ಮತ್ತೆ ಇಳಿಸುವುದು. ಅದಕ್ಕೆ ಹೊಲಕ್ಕೇ ಹೋಗಬೇಕು. ಬೆಳಗ್ಗೆ ಅಣಜಿ ಕಡೆ ಹೋದರೆ ಸಂಜೆ ಬರುವುದು. ಅಂಗಡಿಯಲ್ಲಿ ನಾನಿಲ್ಲ ಅನ್ನುವುದು ಅಪರೂಪದ ಮಾತಾಗಿದ್ದದ್ದು ದಿನದ ಮಾತಾಯಿತು.

ಮೊದಮೊದಲು ಫೋನಿನಲ್ಲೇ ನಡೆಸಿದೆ. ಹೊಲದಲ್ಲಿ ಪೈಪು ನೇತಾಡುತ್ತಿದೆ, ಕ್ಲಾಂಪ್ ಬಿಗಿ ಮಾಡಬೇಕು, ಜೇಬಿನಲ್ಲಿ ಫೋನ್ ಕುಣಿಯುತ್ತಿದೆ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಅಂಗಡಿಯಿಂದ ಬಂದ ಒಂದೊಂದು ಫೋನೂ ಯಾತಕ್ಕೆ ಬಂತು ಅಂತ ಬರೆಯತೊಡಗಿದೆ. ಕೆಲವು ವಾರ ಬರೆದೆ. ಆಮೇಲೆ ಒಂದು ರಾತ್ರಿ ಕೂತು ಓದಿದೆ.

ವೈಂಡಿಂಗ್ ಹೇಗೆ ಮಾಡಬೇಕು ಅಂತ ಕೇಳಿ ಒಂದು ಫೋನೂ ಬಂದಿರಲಿಲ್ಲ. ಎಲ್ಲ ಬಂದಿದ್ದು ಅಪ್ಪಣೆಗೆ. "ಅಣ್ಣಾ, ಐನೂರು ಕಡಿಮೆ ಕೇಳ್ತಾರೆ, ಬಿಡ್ಲಾ?" "ಬೇರಿಂಗ್ ಮುಗ್ದಾವೆ, ತರ್ಲಾ?" "ಇವ್ರು ಜೋಳ ಮಾರಿದ ಮೇಲೆ ಕೊಡ್ತಾರಂತೆ, ಮೋಟರ್ ಕಳಿಸ್ಲಾ?" "ದುಡ್ಡು ಹಾಕೀವಿ ಅಂತಾರೆ, ನಿಮ್ಮ ಫೋನಿಗೆ ಬಂತಾ ನೋಡ್ರಿ." ಬಿಡಲಾ, ತರಲಾ, ಕಳಿಸಲಾ, ಬಂತಾ. ಕೆಲಸವನ್ನು ನಾನು ಯಾವತ್ತೋ ಕೊಟ್ಟಾಗಿತ್ತು. ತೀರ್ಮಾನ ಮಾತ್ರ ನನ್ನ ಜೇಬಿನಲ್ಲೇ ಇತ್ತು.

ಮೊದಲು ಕೈ ಹಾಕಿದ್ದು ರೇಟಿಗೆ.

ರೇಟು ಹೇಳುವುದು ಅಂದರೆ ಬರೀ ಅಂಕಿ ಹೇಳುವುದಲ್ಲ, ಮೊದಲು ಮೋಟರ್ ಓದಬೇಕು. ಮೆಗ್ಗರ್, ಅಂದರೆ ತಂತಿಯ ಇನ್ಸುಲೇಷನ್ ಗಟ್ಟಿ ಇದೆಯಾ ಅಂತ ತೋರಿಸುವ ಮೀಟರ್, ಹಿಡಿದಾಗ ಸೊನ್ನೆ ತೋರಿಸಿತು ಅಂದುಕೊಳ್ಳಿ. ವೈಂಡಿಂಗ್ ಮೋಟರಿನ ಮೈಗೆ ತಗುಲಿದೆ, ಪೂರಾ ಸುತ್ತಬೇಕು ಅಂತ ಹೇಳಿಬಿಡಬಹುದು. ಆದರೆ ಕೇಬಲ್ ಜಾಯಿಂಟಿನಲ್ಲಿ ನೀರು ಹೋಗಿದ್ದರೂ ಮೆಗ್ಗರ್ ಹಾಗೇ ತೋರಿಸುತ್ತದೆ. ಜಾಯಿಂಟ್ ಕತ್ತರಿಸಿ ಮತ್ತೊಮ್ಮೆ ನೋಡಬೇಕು. ವೈಂಡಿಂಗ್ ಸರಿಯಿದ್ದು ಮೋಟರ್ ಜಾಮ್ ಆಗಿದ್ದರೆ ಮರಳು ಹೊಕ್ಕು ಬುಷ್ ತಿಂದಿರುತ್ತದೆ, ಇಲ್ಲಾ ಥ್ರಸ್ಟ್ ಬೇರಿಂಗ್ ಹೋಗಿರುತ್ತದೆ. ಒಂದೊಂದರ ಖರ್ಚು ಒಂದೊಂದು. ಇದೆಲ್ಲ ದೊಡ್ಡ ಮೇಸ್ತ್ರಿಗೆ ನನ್ನಷ್ಟೇ ಗೊತ್ತು. ಹತ್ತನೇ ಕ್ಲಾಸ್ ಮುಗಿಸಿ ನನ್ನ ಹತ್ತಿರ ಬಂದವನು. ಸಂತೇಬೆನ್ನೂರು ಕಡೆಯವನು. ಬಿಚ್ಚುವ ಮುಂಚೆಯೇ ವಾಸನೆಯಲ್ಲಿ ಹೇಳುತ್ತಾನೆ, ಯಾವ ಕಾಯಿಲ್ ಹೋಗಿದೆ ಅಂತ. ಅವನಿಗೆ ಗೊತ್ತಿಲ್ಲದೆ ಇದ್ದದ್ದು, ಹೇಳಿದ ರೇಟು ನಾಳೆ ನಿಲ್ಲುತ್ತದೋ ಇಲ್ಲವೋ ಅನ್ನುವುದು.

ಅದಕ್ಕೆ ಒಂದು ಪಟ್ಟಿ ಮಾಡಿದೆವು. ಎಚ್‌ಪಿ ಎಷ್ಟು, ಎಷ್ಟು ಕೆಜಿ ತಂತಿ ಹೋಗುತ್ತದೆ, ಕೂಲಿ ಎಷ್ಟು. ತಾಮ್ರದ ರೇಟು ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ಹಾಗಾಗಿ ತಂತಿಯ ಕಾಲಂ ಮಾತ್ರ ಪೆನ್ಸಿಲ್‌ನಲ್ಲಿ. ತಂತಿ ಅಂಗಡಿಯಿಂದ ಹೊಸ ರೇಟು ಬಂದ ದಿನ ಕೌಂಟರ್ ಮೇಡಂ ಅಳಿಸಿ ಬರೆಯುತ್ತಾರೆ. ಪಟ್ಟಿಯ ಮೇಲೆ ಮೇಸ್ತ್ರಿಗೆ ಒಂದಿಷ್ಟು ಜಾಗ ಬಿಟ್ಟೆವು. ಬಿಲ್ಲಿನಲ್ಲಿ ನೂರಕ್ಕೆ ಐದರ ತನಕ ಅವನು ಬಿಡಬಹುದು. ಯಾರಿಗೆ ಬಿಟ್ಟೆ, ಯಾಕೆ ಬಿಟ್ಟೆ ಅಂತ ನಾನು ಕೇಳುವಂತಿಲ್ಲ. ಬೇರಿಂಗು, ಬುಷ್ಷು, ಟೇಪು ಇಂಥವನ್ನು ಮೂರು ಸಾವಿರದ ತನಕ ಯಾರನ್ನೂ ಕೇಳದೆ ತರಿಸಬಹುದು.

ಇಷ್ಟು ಬರೆದು ಗೋಡೆಗೆ ಹಚ್ಚುವುದು ಸುಲಭ. ಮೇಸ್ತ್ರಿ ಒಪ್ಪಿದ. ನಾನೂ ಒಪ್ಪಿದೆ. ಒಪ್ಪದೆ ಇದ್ದವರು ಗಿರಾಕಿಗಳು.

ಜಗಳೂರು ಕಡೆಯ ಹಿರಿಯರೊಬ್ಬರು ಏಳೂವರೆ ಎಚ್‌ಪಿ ಮೋಟರ್ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದರು. ನಾನು ಹೊಲದಲ್ಲಿದ್ದೆ. ಮುಂದಿನದನ್ನು ಕೌಂಟರ್ ಮೇಡಂ ಹೇಳಿದ್ದು.

"ಮಾಲೀಕ್ರು ಎಲ್ಲವ್ರೆ?"

"ಹೊರಗ್ ಹೋಗವ್ರೆ. ಇಳಸ್ರಿ ಯಜಮಾನ್ರೆ, ನಾನ್ ನೋಡ್ತೀನಿ" ಅಂದ ಮೇಸ್ತ್ರಿ.

"ನೀನಲ್ಲಪ್ಪ. ಅವ್ರು ಬರ್ಲಿ. ನಾ ಕುಂದರ್ತೀನಿ."

ಕೂತರು. ಮಂಡಕ್ಕಿ ತರಿಸಿಕೊಟ್ಟರು, ತಿಂದರು, ಮತ್ತೆ ಕೂತರು. ನಾನು ಬರುವಾಗ ಸಂಜೆ. ಗಾಡಿಯಿಂದ ಇಳಿಯುವ ಮುಂಚೆಯೇ ಎದ್ದು ಬಂದರು. "ನೀವೇ ಒಂಚೂರು ನೋಡ್ರಿ ಸಾವ್ಕಾರ್ರೆ."

ನಾನು ಮೋಟರ್ ಮುಟ್ಟಲಿಲ್ಲ. ಮುಟ್ಟಿದರೆ ಕತೆ ಮುಗಿಯಿತು, ಅಲ್ವಾ? ಗೋಡೆ ಮೇಲಿನ ಪಟ್ಟಿ ಅವತ್ತೇ ಸತ್ತಹಾಗೆ. "ಯಜಮಾನ್ರೆ, ಈ ಅಂಗಡಿಯಾಗೆ ಮೋಟರ್ ನೋಡೋದು ಮೇಸ್ತ್ರಿ. ನಾ ನೋಡಿದ್ರೂ ಕೊನೆಗೆ ಅವನ್ನೇ ಕೇಳಿ ಹೇಳೋದು" ಅಂದೆ. ಮೇಸ್ತ್ರಿ ಬಿಚ್ಚಿದ, ನೋಡಿದ. ಪೂರಾ ವೈಂಡಿಂಗ್ ಅಂದ, ರೇಟು ಹೇಳಿದ. ಅವರು ನನ್ನ ಕಡೆ ತಿರುಗಿ, "ಎಷ್ಟಕ್ಕೆ ಮುಗಿಸ್ತೀರಿ ಹೇಳ್ರಿ" ಅಂದರು. "ಮೇಸ್ತ್ರಿ ಹೇಳಿದ್ದೇ ರೇಟು" ಅಂದೆ. ಅವರು ಇನ್ನೊಂದು ಮಾತೂ ಆಡಲಿಲ್ಲ. ಬಿಚ್ಚಿದ ಮೋಟರನ್ನು ಹಾಗೇ ಆಟೋಗೆ ಹಾಕಿಸಿಕೊಂಡು ಬೇರೆ ಅಂಗಡಿಗೆ ಹೋದರು. ತಿರುಗಿ ಬರಲಿಲ್ಲ. ಇವತ್ತಿನ ತನಕವೂ ಬಂದಿಲ್ಲ.

ಶಟರ್ ಎಳೆಯುವಾಗ ಮೇಸ್ತ್ರಿ ಕೇಳಿದ, "ಅಣ್ಣಾ, ಗಿರಾಕಿ ಹೋತಲ್ಲ?"

"ರೇಟು ಸರಿ ಇತ್ತಾ?"

"ಸರಿ ಇತ್ತು."

"ಮತ್ತೆ ಹೋಗ್ಲಿ ಬಿಡು."

ಮಾರನೇ ದಿನದಿಂದ ಅವನು ರೇಟು ಹೇಳುವ ದನಿಯೇ ಬೇರೆಯಾಯಿತು. ಮುಂಚೆ ಅಂಕಿ ಹೇಳಿ ಕೊನೆಗೆ "ಅಣ್ಣನ್ನ ಒಂದು ಮಾತು ಕೇಳ್ತೀನಿ" ಅಂತ ಒಂದು ಬಾಲ ಸೇರಿಸುತ್ತಿದ್ದ. ಆ ಬಾಲ ಉದುರಿತು. ಒಂದು ವೈಂಡಿಂಗಿನ ಲಾಭ ಹೋಗಿದ್ದಕ್ಕೆ ನನಗೆ ಅದು ಅಗ್ಗವಾಗಿಯೇ ಕಂಡಿತು.

ಕೆಲಸ ಹಂಚುವುದು ಅಂದರೆ ಕೆಲಸದವರಿಗೆ ಹೇಳಿಕೊಡುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಹೇಳಿಕೊಡಬೇಕಾಗಿ ಬಂದದ್ದು ಗಿರಾಕಿಗಳಿಗೆ. ರೈತರಿಗೆ ಮಾಲೀಕನ ಜೊತೆ ಮಾತಾಡಿದರೆ ಒಂದು ಸಮಾಧಾನ. ಅದು ತಪ್ಪೂ ಅಲ್ಲ. ಮೋಟರ್ ಅವರಿಗೆ ಒಂದು ಬೆಳೆಯ ಪ್ರಶ್ನೆ. ಆದರೆ ಅವರು ಮೇಸ್ತ್ರಿಯನ್ನು ದಾಟಿ ನನ್ನ ಹತ್ತಿರ ಬಂದಾಗ ನಾನು ಇನ್ನೂರು ರೂಪಾಯಿ ಬಿಟ್ಟರೂ ಸಾಕು, ಮುಂದಿನ ಸಲ ಆ ಊರಿನವರೆಲ್ಲ ಮೇಸ್ತ್ರಿಯನ್ನು ದಾಟಿಯೇ ಬರುತ್ತಾರೆ. ಹಾಗಾಗಿ ಕಡಿಮೆ ಮಾಡುವ ಹಕ್ಕನ್ನು ನನ್ನಿಂದ ನಾನೇ ಕಿತ್ತುಕೊಂಡೆ. ಬಿಡುವುದಿದ್ದರೆ ಮೇಸ್ತ್ರಿಯೇ ಬಿಡಬೇಕು.

ಬಿಲ್ ಬುಕ್ಕಿನ ಮೇಲೆ ನನ್ನ ಮೊಬೈಲ್ ನಂಬರ್ ಇತ್ತು. ಹೊಸ ಬುಕ್ ಅಚ್ಚು ಹಾಕಿಸುವಾಗ ಅದನ್ನು ತೆಗೆಸಿ ಅಂಗಡಿಯ ನಂಬರ್ ಮಾತ್ರ ಹಾಕಿಸಿದೆ. ಬೋರ್ಡಿನಲ್ಲೂ ಅಷ್ಟೇ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಇದರಷ್ಟು ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ.

ಪರೀಕ್ಷೆ ಬಂದದ್ದು ಸೋದರಮಾವನಿಂದ. ಅವರ ತೋಟದ ಮೋಟರ್ ಬಂದಿತ್ತು. ಮೇಸ್ತ್ರಿ ಪಟ್ಟಿ ಪ್ರಕಾರ ಬಿಲ್ ಬರೆಸಿದ್ದ. ಮಾವ ನನಗೆ ಫೋನ್ ಮಾಡಿದರು. "ಏನಪಾ, ನಿನ್ನ ಅಂಗಡಿಯಾಗೆ ನನಗೂ ಬಿಲ್ಲಾ?" ನಾನು, "ಮಾವ, ಮೇಸ್ತ್ರಿನ್ನ ಕೇಳ್ರಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಕೊನೆಗೆ ಮೇಸ್ತ್ರಿಗೇ ಫೋನ್ ಮಾಡಿದರು. ಅವನು ತನ್ನ ನೂರಕ್ಕೆ ಐದು ಪೂರ್ತಿ ಬಿಟ್ಟು, ಮೋಟರ್ ಒಯ್ಯಲು ಬಂದಾಗ ಮಂಡಕ್ಕಿ ಮಿರ್ಚಿ ತಿನ್ನಿಸಿ ಕಳಿಸಿದ. ಈಗ ಮಾವ ಯಾವ ಮದುವೆಗೆ ಹೋದರೂ, ನಮ್ಮ ಅಳಿಯನಿಗೆ ಅವನ ಅಂಗಡಿಯಲ್ಲೇ ಮಾತು ನಡೆಯಲ್ಲ ಅಂತ ಹೇಳಿಕೊಂಡು ತಿರುಗುತ್ತಾರೆ. ಒಂದು ಲೆಕ್ಕದಲ್ಲಿ ಅವರು ಹೇಳುವುದು ನಿಜ.

ಕೌಂಟರಿನ ಕತೆ ಬೇರೆ. ಅಲ್ಲಿ ನಾನು ಹೇಳಿದ್ದಕ್ಕಿಂತ ಮೇಡಂ ಹೇಳಿದ್ದೇ ಜಾಸ್ತಿ ನಡೆಯಿತು.

ಅವರು ಬರುವ ಮುಂಚೆ ನಾವು ಮೋಟರ್ ಗುರುತು ಹಿಡಿಯುತ್ತಿದ್ದದ್ದು ನೆನಪಿನಲ್ಲಿ. ಹೊನ್ನಾಳಿಯವರ ಹಸಿರು ಮೋಟರ್, ಭರಮಸಾಗರದ ದಪ್ಪ ಮೀಸೆಯವರ ಮೋಟರ್, ಹೀಗೆ. ನೆನಪು ನನ್ನ ತಲೆಯಲ್ಲಿ ಇರುವ ತನಕ ಎಲ್ಲ ನನ್ನನ್ನೇ ಕೇಳಬೇಕು. ಅವರು ತಗಡಿನ ಬಿಲ್ಲೆ ಮಾಡಿಸಿದರು. ಬಿಲ್ಲೆಗೊಂದು ನಂಬರ್. ಮೋಟರ್ ಇಳಿದ ಕೂಡಲೇ ತಂತಿಯಲ್ಲಿ ಕಟ್ಟುವುದು, ಪುಸ್ತಕದಲ್ಲಿ ಊರು, ಫೋನು, ತಂದ ದಿನ, ಹೇಳಿದ ರೇಟು ಬರೆಯುವುದು. ಬಿಚ್ಚಿದ ಮೇಲೆ ವೈಂಡರ್ ಅದೇ ಸಾಲಿನಲ್ಲಿ ತಂತಿ ಕೂರುವ ಸ್ಲಾಟ್ ಎಷ್ಟು, ಸುತ್ತು ಎಷ್ಟು, ತಂತಿ ಯಾವ ಗೇಜು ಅಂತ ತುಂಬುತ್ತಾನೆ. ಅದೇ ಮೋಟರ್ ಎರಡು ವರ್ಷ ಬಿಟ್ಟು ಬಂದರೆ ಸುತ್ತು ಎಣಿಸುವ ಕೆಲಸವೇ ಇಲ್ಲ.

ದುಡ್ಡಿನದೂ ಹಾಗೇ. ರೈತರು ಫೋನಿನಲ್ಲಿ ದುಡ್ಡು ಹಾಕಿದರೆ ನನ್ನ ಸ್ವಂತ ಖಾತೆಗೆ ಬರುತ್ತಿತ್ತು. ಬಂತಾ ಇಲ್ಲವಾ ಅಂತ ನಾನೇ ನೋಡಿ ಹೇಳಬೇಕು. ನಾನು ಸಿಗ್ನಲ್ ಇಲ್ಲದ ಹೊಲದಲ್ಲಿ. ಗಿರಾಕಿ ಅಂಗಡಿಯಲ್ಲಿ. ಅಂಗಡಿ ಹೆಸರಿನ ಬ್ಯಾಂಕ್ ಕರೆಂಟ್ ಅಕೌಂಟಿಗೆ ಕ್ಯೂಆರ್ ಮಾಡಿಸಿ, ಬಂದ ದುಡ್ಡನ್ನು ಕನ್ನಡದಲ್ಲಿ ಕೂಗುವ ಡಬ್ಬಿ ತಂದು ಕೌಂಟರ್ ಮೇಲೆ ಇಟ್ಟೆವು. ಅಲ್ಲಿಗೆ ಒಂದು ಜಾತಿಯ ಫೋನ್ ಪೂರ್ತಿ ನಿಂತಿತು. ನಮ್ಮ ಆಡಿಟರ್‌ಗೂ ಖುಷಿ. ಮನೆಯ ಲೆಕ್ಕ, ಅಂಗಡಿಯ ಲೆಕ್ಕ ಬೇರೆ ಮಾಡು ಅಂತ ಬಹಳ ದಿನದಿಂದ ಹೇಳುತ್ತಿದ್ದರು.

ಉದ್ರಿ ಮಾತ್ರ ನಾನು ಬಿಡುವುದಿಲ್ಲ ಅಂದಿದ್ದೆ. ನಮ್ಮ ಕಡೆ ಉದ್ರಿ ಇಲ್ಲದೆ ಈ ವ್ಯಾಪಾರ ನಡೆಯಲ್ಲ. ಬೇಸಿಗೆಯಲ್ಲಿ ಮೋಟರ್ ಸುಡುತ್ತದೆ, ದುಡ್ಡು ಬರುವುದು ಮೆಕ್ಕೆಜೋಳ ಮಾರಿದ ಮೇಲೆ, ಇಲ್ಲಾ ಅಡಿಕೆ ಕೊಯ್ಲಾದ ಮೇಲೆ. ಯಾರಿಗೆ ಕೊಡಬೇಕು ಅನ್ನುವುದು ಊರು, ಮನೆತನ, ಕರೆದುಕೊಂಡು ಬಂದವರು ಯಾರು ಅನ್ನೋದರ ಮೇಲೆ ಹೋಗುತ್ತದೆ. ಮುಳುಗಿದರೆ ನನ್ನ ದುಡ್ಡೇ ಮುಳುಗಲಿ, ಇನ್ನೊಬ್ಬರು ಯಾಕೆ ಮುಖ ಸಣ್ಣದು ಮಾಡಿಕೊಳ್ಳಬೇಕು ಅನ್ನುವುದು ನನ್ನ ವಾದ.

ಮೇಡಂ ಒಂದು ದಿನ ಪುಸ್ತಕ ತಂದು ಮುಂದೆ ಇಟ್ಟರು. "ಸರ್, ನೀವು ಮುಖ ನೋಡಿ ಕೊಡ್ತೀರಿ. ನಾನು ಪುಸ್ತಕ ನೋಡಿ ಕೊಡ್ತೀನಿ. ಯಾವುದು ವಾಪಸ್ ಬಂದೈತೆ ನೋಡ್ರಿ." ನೋಡಿದೆ. ನನಗೆ ತುಂಬಾ ಬೇಕಾದವರು, ಅಂಗಡಿಗೆ ಬಂದರೆ ಟೀ ತರಿಸಿ ಕೂರಿಸುವವರು, ಹಳೇ ಬಾಕಿಯಲ್ಲಿ ಮುಂದೆ ಇದ್ದರು. ಟೀ ಕುಡಿಯದೆ ಹೋಗುವವರು ಸರಿಯಾಗಿ ಕಟ್ಟಿದ್ದರು. ಇದರ ಮೇಲೆ ಏನು ವಾದ ಮಾಡುವುದು? ಅರ್ಧ ಬಿಟ್ಟುಕೊಟ್ಟೆ. ಹಿಂದಿನ ಬಾಕಿ ಪೂರ್ತಿ ಕಟ್ಟಿದ ಹಳೇ ಗಿರಾಕಿಗೆ, ಅವರ ಹಿಂದಿನ ಬಿಲ್ಲಿನಷ್ಟು ಉದ್ರಿಯನ್ನು ಮೇಡಂ ಕೊಡಬಹುದು. ಹೊಸಬರಾದರೆ, ಹಳೇ ಬಾಕಿ ಇದ್ದರೆ ನನ್ನನ್ನು ಕೇಳಬೇಕು. ಇದರಿಂದ ನನಗೊಂದು ಅನುಕೂಲವೂ ಆಯಿತು. ಟೀ ಗಿರಾಕಿಗಳು ಉದ್ರಿ ಕೇಳಿದಾಗ, "ಮೇಡಂ ಪುಸ್ತಕದಾಗೆ ಹಳೇದು ಐತಂತೆ" ಅಂತ ಹೇಳಿ ತಪ್ಪಿಸಿಕೊಳ್ಳಬಹುದು.

ವೈಂಡಿಂಗ್ ಅಂಗಡಿಯಲ್ಲಿ ಕೂತು ಮಾತಾಡಲೇಬೇಕಾದ ಇನ್ನೊಂದು ವಿಷಯ ಸುಟ್ಟ ತಾಮ್ರ. ಹೊಸ ತಂತಿ ಸುತ್ತುವ ಮುಂಚೆ ಹಳೇದನ್ನು ಕಿತ್ತು ತೆಗೆಯುತ್ತೇವೆ. ಅದು ಗುಜರಿಗೆ ಹೋದರೂ ಒಳ್ಳೆ ಬೆಲೆ. ಕೆಲವರು ವಾಪಸ್ ಕೇಳುತ್ತಾರೆ, ಕೆಲವರಿಗೆ ಬಿಲ್ಲಿನಲ್ಲಿ ಕಡಿಮೆ ಮಾಡುತ್ತೇವೆ. ಎಲ್ಲಾ ಅಂಗಡಿಯಲ್ಲೂ ಮಾಲೀಕನಿಗೂ ಕೆಲಸದವರಿಗೂ ಗುಸುಗುಸು ಶುರುವಾಗುವುದು ಇಲ್ಲೇ. ಯಾರನ್ನೂ ಅನುಮಾನಿಸುವುದಕ್ಕೆ ನನಗೆ ಇಷ್ಟವಿಲ್ಲ. ಅನುಮಾನಿಸದೆ ಇರಲು ಒಂದು ದಾರಿ ಬೇಕು, ಅಷ್ಟೇ. ಕಿತ್ತ ತಾಮ್ರವನ್ನು ಕಿತ್ತವನೇ ಮೇಡಂ ಮುಂದೆ ತೂಗುವುದು, ಬಿಲ್ಲೆ ನಂಬರಿನ ಸಾಲಿನಲ್ಲಿ ತೂಕ ಬರೆಯುವುದು. ಗುಜರಿಗೆ ಹಾಕುವ ದಿನ ಒಂದು ಪಾಲು ಹುಡುಗರ ಹಬ್ಬದ ಡಬ್ಬಿಗೆ. ಆಯುಧ ಪೂಜೆ ಖರ್ಚು, ಬಟ್ಟೆ ಅದರಲ್ಲೇ ಆಗುತ್ತದೆ. ಡಬ್ಬಿ ಬಂದ ಮೇಲೆ ಒಂದು ಚೂರು ತಂತಿ ನೆಲದ ಮೇಲೆ ಬಿದ್ದಿದ್ದರೂ ಹುಡುಗರೇ ಹೆಕ್ಕುತ್ತಾರೆ.

ಹುಡುಗರಿಗೆ ಕೆಲಸ ಕೊಡುವ ಬಗೆಯನ್ನು ಮೇಸ್ತ್ರಿಯೇ ಬದಲಿಸಿದ. ನನ್ನ ಪದ್ಧತಿ ಪಕ್ಕದಲ್ಲಿ ನಿಂತು ಹೇಳುವುದು. ಹಿಂಗೆ ಹಿಡಿ, ಹಂಗೆ ಎಳಿ. ಸಬ್‌ಮರ್ಸಿಬಲ್ ಸ್ಟೇಟರಿನಲ್ಲಿ, ಅಂದರೆ ತಂತಿ ಸುತ್ತುವ ತಿರುಗದ ಭಾಗದಲ್ಲಿ, ಸ್ಲಾಟಿನ ಬಾಯಿ ಮುಚ್ಚಿಕೊಂಡಂತೆ ಇರುತ್ತದೆ. ತಂತಿಯನ್ನು ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ಎಳೆದು, ಗೋಣಿಚೀಲ ಹೊಲಿದ ಹಾಗೆ ಒಂದೊಂದೇ ಸುತ್ತು ಹಾಕಬೇಕು. ತಂತಿಯ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಮೋಟರ್ ನೀರಿನಲ್ಲೇ ಮುಳುಗಿರುವುದರಿಂದ ಪದರ ಒಂದು ಕಡೆ ಗೀಚಿದರೂ ಮುಗಿಯಿತು. ಪಕ್ಕದಲ್ಲಿ ನಾನು ನಿಂತರೆ ಹುಡುಗರ ಕೈ ನಡುಗುತ್ತಿತ್ತು, ನಡುಗಿದ ಕೈಯಲ್ಲೇ ಗೀಚುತ್ತಿತ್ತು.

ಮೇಸ್ತ್ರಿ ಅವರಿಗೆ ಹೇಗೆ ಮಾಡಬೇಕು ಅಂತ ಹೇಳುವುದನ್ನು ಕಡಿಮೆ ಮಾಡಿದ. ಮುಗಿದ ಮೇಲೆ ಏನು ತೋರಿಸಬೇಕು ಅಂತ ಮಾತ್ರ ಹೇಳಿದ. ಸುತ್ತಿದ ಸ್ಟೇಟರ್ ನೀರಿನ ತೊಟ್ಟಿಯಲ್ಲಿ ನೆನೆಯಬೇಕು, ಆಮೇಲೆ ಮೆಗ್ಗರ್ ಇಷ್ಟು ತೋರಿಸಬೇಕು. ಮೋಟರ್ ಓಡಿಸಿದಾಗ ಮೂರೂ ಫೇಸಿನ ಆಂಪ್ಸ್ ಹತ್ತಿರ ಹತ್ತಿರ ಇರಬೇಕು. ಆ ಅಂಕಿಗಳನ್ನು ಸುತ್ತಿದವನೇ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಅದರಲ್ಲಿ ಒಬ್ಬ ಎಡಚ. ಅವನು ತಂತಿ ಎಳೆಯುವುದನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ, ಎಲ್ಲಾ ಉಲ್ಟಾ. ಅಂಕಿ ಮಾತ್ರ ಸರಿಯಾಗಿ ಬರುತ್ತವೆ. ನಾನು ಟೀ ಕುಡಿಯಲು ಹೊರಗೆ ಹೋಗುವುದು ಜಾಸ್ತಿಯಾಗಿದ್ದು ಇದೇ ಕಾರಣಕ್ಕೆ.

ಮಾಡಿಕೊಟ್ಟ ಮೋಟರ್ ಬೇಗ ವಾಪಸ್ ಬಂದರೆ ಏನು ಮಾಡುವುದು? ಸಂಬಳದಲ್ಲಿ ಹಿಡಿಯುವ ಪದ್ಧತಿ ಕೆಲವು ಕಡೆ ಇದೆ. ನನಗೆ ಅದು ಸರಿ ಕಾಣಲ್ಲ. ಹಿಡಿಯಲು ಶುರು ಮಾಡಿದರೆ ಯಾರೂ ಕಷ್ಟದ ಮೋಟರ್ ಮುಟ್ಟುವುದಿಲ್ಲ, ಸುಲಭದ್ದೇ ಆರಿಸಿಕೊಳ್ಳುತ್ತಾರೆ. ನಮ್ಮಲ್ಲಿ ವಾಪಸ್ ಬಂದದ್ದನ್ನು ಸುತ್ತಿದವನೇ, ಗಿರಾಕಿ ಎದುರಿಗೇ ಬಿಚ್ಚಬೇಕು. ನಮ್ಮ ತಪ್ಪಾಗಿದ್ದರೆ ಸಾಲಿನಲ್ಲಿ ಅದಕ್ಕೇ ಮೊದಲ ಜಾಗ, ಪುಕ್ಕಟೆ. ಬಹಳ ಸಲ ಬೋರಿನಲ್ಲಿ ನೀರಿಲ್ಲದೆ ಓಡಿಸಿರುತ್ತಾರೆ. ಅದನ್ನು ರೈತರಿಗೆ ತೋರಿಸಿ ಹೇಳುವುದನ್ನೂ ಹುಡುಗರೇ ಕಲಿತಿದ್ದಾರೆ.

ಕಾಗದಪತ್ರದ್ದು ಬೇಗ ಹೇಳಿ ಮುಗಿಸುತ್ತೇನೆ. ಹಾಜರಿ ಪುಸ್ತಕ, ವಾರಕ್ಕೊಂದು ರಜೆ, ವಾರಕ್ಕೆ 48 ಗಂಟೆ ಕೆಲಸ, ನೇಮಕದ ಕಾಗದ, ಇವೆಲ್ಲ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಬಾಬತ್ತು. ಆಡಿಟರ್ ಹೇಳಿದರು, ಮಾಡಿದೆವು. 10 ಜನ ಆದರೆ ಇಎಸ್‌ಐ, 20 ಆದರೆ ಪಿಎಫ್. ನಾವು ಐದು. ನೇಮಕದ ಕಾಗದದಲ್ಲಿ ಮೇಸ್ತ್ರಿ ಏನೇನು ತೀರ್ಮಾನ ಮಾಡಬಹುದು ಅಂತ ನಾಲ್ಕು ಸಾಲು ಸೇರಿಸಿದೆ. ಅವನು ಅದನ್ನು ಲ್ಯಾಮಿನೇಷನ್ ಮಾಡಿಸಿ ಮನೆಯಲ್ಲಿಟ್ಟಿದ್ದಾನೆ.

ಸಂಬಳದ ಮಾತು ಬರಲೇಬೇಕು. ಜವಾಬ್ದಾರಿ ಕೊಟ್ಟು ಸಂಬಳ ಹಳೇದೇ ಇಟ್ಟರೆ ಅದು ಬಿಟ್ಟಿ ಚಾಕರಿ. ಮೇಸ್ತ್ರಿಗೆ ತಿಂಗಳ ಸಂಬಳ ಏರಿಸಿದೆ. ಅದರ ಮೇಲೆ ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಮೋಟರಿಗೆ ಒಂದು ಸಣ್ಣ ಮೊತ್ತ. ವಾಪಸ್ ಬಂದದ್ದಕ್ಕೆ ಅದು ಇಲ್ಲ. ಮೇಡಂಗೆ ವಸೂಲಾದ ಹಳೇ ಬಾಕಿಯ ಮೇಲೆ ಒಂದಿಷ್ಟು. ಅವರ ಪುಸ್ತಕ ನೋಡಿ ಕೆಲವರು ಈಗ ನನ್ನನ್ನು ಕಂಡರೆ ರಸ್ತೆಯ ಆ ಕಡೆ ದಾಟುತ್ತಾರೆ.

ಇದೆಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ಮೇಸ್ತ್ರಿ ಬಂದು ಕೂತ. "ಅಣ್ಣಾ, ಚನ್ನಗಿರಿಯಾಗೆ ಒಂದು ಮಳಿಗೆ ನೋಡೀನಿ."

ಅಂಗಡಿಯವರು ಯಾವಾಗಲೂ ಹೆದರುವುದು ಇದಕ್ಕೇ. ರೇಟು ಹೇಳಲು ಕಲಿಸಿದೆ, ಗಿರಾಕಿ ಪರಿಚಯ ಮಾಡಿಸಿದೆ, ಇನ್ನೇನು ಉಳಿಯಿತು, ಅವನೇ ಅಂಗಡಿ ಹಾಕುತ್ತಾನೆ. ಸ್ನೇಹಿತರು ಹಾಗೇ ಹೇಳಿದರು, "ನಿನ್ನ ಕೈಯಾರೆ ಮಾಡ್ಕೊಂಡೆ" ಅಂತ. ನಾನು ಆ ಲೆಕ್ಕ ಹಾಕುವುದಿಲ್ಲ. ನಮ್ಮ ಕಸುಬಿನಲ್ಲಿ ಅಂಗಡಿಗಳು ಹುಟ್ಟುವುದೇ ಹೀಗೆ. ನಾನೂ ಗುರುಗಳ ಅಂಗಡಿ ಬಿಟ್ಟು ಬಂದವನೇ. ಅವನಿಗೆ ತೀರ್ಮಾನ ಮಾಡಲು ಬಿಡದೆ ಕಟ್ಟಿಹಾಕಿಕೊಂಡಿದ್ದರೆ ಇನ್ನೂ ಮುಂಚೆಯೇ ಹೋಗುತ್ತಿದ್ದ, ಹೇಳದೆ ಹೋಗುತ್ತಿದ್ದ. ಈಗ ಹೇಳಿ ಹೋಗುತ್ತಿದ್ದಾನೆ, ಒಂದು ಬೇಸಿಗೆಯಷ್ಟು ಟೈಮ್ ಕೊಟ್ಟು.

ಕೂತು ಮಾತಾಡಿದೆವು. ಈ ಸೀಸನ್ ಮುಗಿಸಿ ಹೋಗುತ್ತಾನೆ. ಚನ್ನಗಿರಿ ಕಡೆಯ ಪಂಪ್ ಎತ್ತುವ ಕೆಲಸಕ್ಕೆ ನನ್ನ ಗಾಡಿಯನ್ನೇ ಕರೆಯುತ್ತಾನೆ. ಮೊದಲ ವರ್ಷ ತಂತಿ ನನ್ನ ಖಾತೆಯಲ್ಲಿ ತರಿಸಿಕೊಳ್ಳುತ್ತಾನೆ, ಆ ಉದ್ರಿಗೆ ಮಿತಿ ಹಾಕಿದ್ದು ಮೇಡಂ. ಅವನು ಮಿತಿ ಸ್ವಲ್ಪ ಏರಿಸಿ ಅಂತ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಇಬ್ಬರೂ ನಕ್ಕೆವು.

ಈಗ ಎರಡನೇ ವೈಂಡರನ್ನು ಆ ಜಾಗಕ್ಕೆ ತಯಾರು ಮಾಡುತ್ತಿದ್ದೇವೆ. ಮಾಡುತ್ತಿರುವವನು ಮೇಸ್ತ್ರಿ, ನಾನಲ್ಲ. ವಾರದಲ್ಲಿ ಎರಡು ದಿನ ಮೋಟರ್ ನೋಡುವವನು ಈ ವೈಂಡರೇ. ಕೈ ಬಹಳ ಒಳ್ಳೆಯದು, ಬಾಯಿ ಇಲ್ಲ. ನೆಲ ನೋಡಿಕೊಂಡು ರೇಟು ಹೇಳುತ್ತಾನೆ. ನೆಲ ನೋಡಿ ಹೇಳಿದ ರೇಟನ್ನು ಯಾವ ರೈತರು ಒಪ್ಪುತ್ತಾರೆ? ಅರ್ಧಕ್ಕೆ ಕೇಳುತ್ತಾರೆ. ದನಿ ಜೋರು ಮಾಡು ಅಂತ ಮೇಸ್ತ್ರಿ ಹೇಳಿ ಸಾಕಾಗಿದ್ದಾನೆ.

ಮೇಡಂ ಬೇರೆ ದಾರಿ ಹೇಳಿದರು. ಬಾಯಲ್ಲಿ ಹೇಳುವುದೇ ಬೇಡ, ಚೀಟಿಯಲ್ಲಿ ಬರೆದು ಕೈಗೆ ಕೊಡಲಿ. ಬಿಲ್ಲೆ ನಂಬರ್, ಏನು ಹೋಗಿದೆ, ತಂತಿ ಎಷ್ಟು ಕೆಜಿ, ಕೂಲಿ ಎಷ್ಟು, ಒಟ್ಟು ಎಷ್ಟು, ಯಾವತ್ತು ಕೊಡುತ್ತೇವೆ. ಬರೆದದ್ದರ ಜೊತೆ ಯಾರೂ ಅಷ್ಟು ಚೌಕಾಸಿ ಮಾಡಲ್ಲ ಅನ್ನುವುದು ಅವರ ಅಂದಾಜು. ವೈಂಡರಿಗೂ ಅದು ಹಿಡಿಸಿತು, ಅಕ್ಷರ ದುಂಡಗಿದೆ. ಚೀಟಿ ಪುಸ್ತಕ ಅಚ್ಚಿಗೆ ಕೊಟ್ಟಿದ್ದೇವೆ. ಕೆಳಗೆ 'ನೋಡಿದವರ ಸಹಿ' ಅಂತ ಒಂದು ಗೆರೆ ಇದೆ. ಪಕ್ಕದಲ್ಲಿ 'ಮಾಲೀಕರ ಸಹಿ' ಅಂತ ಇನ್ನೊಂದು ಗೆರೆ ಹಾಕಲಾ ಅಂತ ಪ್ರೆಸ್ಸಿನವರು ಫೋನ್ ಮಾಡಿದ್ದರು. ಅಂಗಡಿಯ ನಂಬರಿಗೇ ಮಾಡಿದ್ದರು. ಬೇಡ ಅಂತ ಮೇಡಂ ಹೇಳಿದ್ದಾರೆ.